ಒಳಗೆ ಬಿಟ್ಟರೆ ಕೊಡ್ತೀರಾ?

ಶನಿವಾರ ನೈರೋಬಿಯ ಕೊಳೆಗೇರಿ ಮುಕುರುವಿನಿಂದ ಬಂದಾಗಿನಿಂದ ಒಂದು ಪ್ರಶ್ನೆ ತಲೆಯಲ್ಲೇ ಕೂತಿದೆ. ಅಡುಗೆ ಮಾಡುವಾಗಲೂ ಅದೇ, ಮೊಂಬಾಸಾ ರೋಡಿನ ಜಾಮಿನಲ್ಲಿ ಸಿಕ್ಕಿಕೊಂಡಾಗಲೂ ಅದೇ. ಕೇಳಿದ್ದು ಗೇಟಿನ ಹೊರಗೆ ಸೊಪ್ಪು ಮಾರುತ್ತಿದ್ದ ಒಬ್ಬ ಅಜ್ಜಿ.

ನೈರೋಬಿಯ ನಮ್ಮ ಕನ್ನಡದವರ ಗುಂಪು ವರ್ಷಕ್ಕೊಮ್ಮೆ ಒಂದು ಅನಾಥಾಲಯಕ್ಕೆ ಹೋಗುತ್ತದೆ. ಯುಗಾದಿಗೆ ಹೋಳಿಗೆ, ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ, ಜುಲೈಗೆ ಅನಾಥಾಲಯ. ಓದಿದರೆ ಕೊಂಕು ಅನಿಸಬಹುದು, ಆದರೆ ನಮ್ಮ ಕ್ಯಾಲೆಂಡರ್ ಇರೋದೇ ಹಾಗೆ. ಈ ಸಲ ಸ್ಕೂಲ್ ಬ್ಯಾಗು, ಮೆಕ್ಕೆಜೋಳದ ಹಿಟ್ಟಿನ ಕಟ್ಟುಗಳು, ಆಮೇಲೆ ಶೂ. ಶೂ ಅಂದರೆ ಬಾಟಾ ಟಫೀಸ್. ಇಲ್ಲೇ ಲಿಮುರುವಿನ ಫ್ಯಾಕ್ಟರಿಯಲ್ಲಿ ಆಗುವ ಕಪ್ಪು ಶೂ. ಕೆನ್ಯಾದಲ್ಲಿ ಶಾಲೆಗೆ ಹೋದವರಿಗೆಲ್ಲ ಅದರ ಹೆಸರು ಗೊತ್ತು. ಮಕ್ಕಳು ಡಬ್ಬಿ ನೋಡಿಯೇ ಕುಣಿದರು.

ನಮ್ಮ ಖಜಾಂಚಿ ಒಳ್ಳೆಯ ಮನುಷ್ಯರು, ಹೇಳಿಬಿಡ್ತೀನಿ. ಒಂದು ಶಿಲ್ಲಿಂಗ್ ಆಚೀಚೆ ಆಗಲು ಬಿಡುವುದಿಲ್ಲ. ಆದರೆ ಕ್ಯಾಮೆರಾ ಕಂಡರೆ ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸುವ ಚಟ ಅವರಿಗೆ. ಚಿಕ್ಕವರು ಮುಂದೆ, ದೊಡ್ಡವರು ಹಿಂದೆ, ಡಬ್ಬಿ ಎದೆಯ ಹತ್ತಿರ, ಬ್ಯಾನರ್ ಕಾಣಬೇಕು. ಇದೆಲ್ಲ ಮುಗಿಯುವಷ್ಟರಲ್ಲಿ ಸೊಪ್ಪು ತರೋಣ ಅಂತ ನಾನು ಹೊರಗೆ ಬಂದೆ.

ಅಜ್ಜಿ ಸುಕುಮಾ ಸೊಪ್ಪು ಹೆಚ್ಚುತ್ತಿದ್ದರು. ಮಣೆ ಗಿಣೆ ಏನೂ ಇಲ್ಲ. ಎಲೆಗಳನ್ನು ಎಡಗೈ ಮುಷ್ಟಿಯಲ್ಲಿ ಬಿಗಿಯಾಗಿ ಸುತ್ತಿ ಹಿಡಿದು, ಬಲಗೈಯ ಚಾಕುವಿನಿಂದ ಎಳೆ ಎಳೆಯಾಗಿ ಬೇಸಿನ್ನಿಗೆ ಬೀಳಿಸುತ್ತಿದ್ದರು. ಚಾಕು ಬೆರಳಿಗೆ ತಾಗಿಯೇ ಬಿಟ್ಟಿತು ಅನ್ನುವಷ್ಟು ಹತ್ತಿರ ಬಂದು ನಿಲ್ಲುತ್ತಿತ್ತು. ಪಕ್ಕದಲ್ಲಿ ಎಂಟು ವರ್ಷದ ಹುಡುಗನೊಬ್ಬ. ಜುಲೈ ಅಂದರೆ ಇಲ್ಲಿ ಚಳಿ. ಶಾಲೆಯ ಸ್ವೆಟರ್ ಹಾಕಿದ್ದ, ತೋಳಿನ ತುದಿ ಬಿಚ್ಚಿಕೊಂಡಿತ್ತು, ಕಾಲಲ್ಲಿ ಹವಾಯಿ ಚಪ್ಪಲಿ. ಗೇಟಿನ ಚಿಕ್ಕ ಬಾಗಿಲಿನಿಂದ ಒಳಗಿನ ಶೂ ಡಬ್ಬಿಗಳನ್ನು ಎಣಿಸುತ್ತಿದ್ದ. ತುಟಿ ಅಲ್ಲಾಡುತ್ತಿತ್ತು.

ನನ್ನದು ಸಂತೆ ಸ್ವಾಹಿಲಿ. ಆದರೂ ಮಾತು ಸಾಗಿತು.

"ಏನು ಕೊಡ್ತಿದ್ದೀರಿ ಮಮಾ?" ಅಂದರು ಅಜ್ಜಿ.

"ಶೂ, ಬ್ಯಾಗು, ಹಿಟ್ಟು."

"ಇವನಿಗೂ ಅಪ್ಪ ಅಮ್ಮ ಇಬ್ಬರೂ ಇಲ್ಲ. ನನ್ನ ಮಗಳ ಮಗ."

"ಇದು ಈ ಹೋಮಿನ ಮಕ್ಕಳಿಗೆ ಮಾತ್ರ, ಶೋಶೋ" ಅಂದೆ. ಶೋಶೋ ಅಂದರೆ ಇಲ್ಲಿ ಅಜ್ಜಿ.

ಅಜ್ಜಿ ಚಾಕು ನಿಲ್ಲಿಸಲಿಲ್ಲ. "ಹಾಗಾದ್ರೆ ಇವನನ್ನ ಒಳಗೆ ಬಿಟ್ಟರೆ ಕೊಡ್ತೀರಾ?"

ದನಿಯಲ್ಲಿ ಅಳು ಇರಲಿಲ್ಲ. ಚುಚ್ಚುವ ಮಾತೂ ಅಲ್ಲ. ಹಾಗೆ ಚುಚ್ಚಿದ್ದರೆ ನನಗೆ ಸುಲಭ ಆಗುತ್ತಿತ್ತು. ಮತ್ತಾಟು, ಅಂದರೆ ಇಲ್ಲಿನ ಬಾಡಿಗೆ ವ್ಯಾನು, ಎಷ್ಟು ಹೊತ್ತಿಗೆ ಬರುತ್ತೆ ಅಂತ ಕೇಳಿದ ಹಾಗೆ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿಂದ ಗ್ರೂಪ್ ಫೋಟೋಗೆ ಕರೆ ಬಂತು.

ಊಟದ ಹೊತ್ತಿಗೆ ಇನ್ನೊಂದು ಮಾತು ಕಿವಿಗೆ ಬಿತ್ತು. ನಮ್ಮ ಜೊತೆ ಬಂದಿದ್ದ ಮಂಗಳೂರಿನ ಆಂಟಿ ಹೋಮ್ ನಡೆಸುವವರನ್ನು ಸುಮ್ನೆ ಕೇಳಿದರು: "ಡಿಸೆಂಬರ್ ರಜೆಯಲ್ಲಿ ಈ ಮಕ್ಕಳೆಲ್ಲ ಏನು ಮಾಡ್ತಾರೆ?" ಆಕೆ ಚಪಾತಿ ಹರಿಯುತ್ತಾ ಹೇಳಿದರು: "ಜಾಸ್ತಿ ಜನ ಊರಿಗೆ ಹೋಗ್ತಾರೆ. ಕೆಲವರು ಕಿಸುಮು ಕಡೆ, ಕೆಲವರು ಮಚಾಕೋಸ್ ಕಡೆ. ಅಜ್ಜಿನೋ ಚಿಕ್ಕಪ್ಪನೋ ಯಾರೋ ಇರ್ತಾರಲ್ಲ." ಅಲ್ಲಿದ್ದ ಯಾರಿಗೂ ಅದು ದೊಡ್ಡ ಮಾತು ಅನಿಸಲಿಲ್ಲ. ನಾನು ಆಗಷ್ಟೇ ಗೇಟಿನಿಂದ ಬಂದಿದ್ದೆ, ಹಾಗಾಗಿ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಹೋಗಲು ಮನೆ ಇದೆ, ಕರೆಯಲು ಅಜ್ಜಿ ಇದ್ದಾರೆ. ಹಾಗಿದ್ದರೆ ಉಳಿದ ತಿಂಗಳೆಲ್ಲ ಇಲ್ಲೇಕೆ? ಆಕೆಯನ್ನೇ ಕೇಳಿದೆ. "ಇಲ್ಲಿ ಶಾಲೆ ಇದೆ, ಊಟ ಇದೆ. ಅಲ್ಲಿ ಏನಿದೆ?" ಅಂದರು. ಆಕೆ ಮೋಸಗಾರ್ತಿ ಅಲ್ಲ. ಬೀದಿಯಲ್ಲಿ ಬಿಟ್ಟು ಹೋದ ಕೂಸುಗಳನ್ನೂ ಎತ್ತಿ ಸಾಕಿದವರು. ಅಂಥ ಮಕ್ಕಳಿಗೆ ಒಂದು ಸೂರು ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ.

ತಕರಾರು ಇರುವುದು ನಮ್ಮ ಲೆಕ್ಕದಲ್ಲಿ. ಅಜ್ಜಿಯ ಹತ್ತಿರ ಇದ್ದರೆ ಶೂ ಇಲ್ಲ, ಅಜ್ಜಿಯನ್ನು ಬಿಟ್ಟು ಬಂದರೆ ಶೂ. ಹೀಗಂತ ನಾವು ಬೋರ್ಡ್ ಹಾಕಿಲ್ಲ ನಿಜ. ಆದರೆ ಅಜ್ಜಿ ಸರಿಯಾಗಿಯೇ ಓದಿಕೊಂಡರು.

ಈ ದೇಶದಲ್ಲಿ ತಬ್ಬಲಿ ಮಕ್ಕಳನ್ನು ಸಾಕಿದ್ದು ಹೆಚ್ಚಾಗಿ ಅಜ್ಜಿಯರೇ. 1999ರಲ್ಲಿ ಸರ್ಕಾರ ಏಡ್ಸ್ ಅನ್ನು ರಾಷ್ಟ್ರೀಯ ವಿಪತ್ತು ಅಂತ ಘೋಷಿಸಿತು. ವಿಕ್ಟೋರಿಯಾ ಕೆರೆಯ ಸುತ್ತಿನ ಸಿಯಾಯಾ, ಹೋಮಾ ಬೇ, ಕಿಸುಮು ಕಡೆ ಎಷ್ಟೋ ಮನೆಗಳಲ್ಲಿ ದುಡಿಯುವ ವಯಸ್ಸಿನವರೇ ಹೋದರು. ಉಳಿದದ್ದು ಮುದುಕಿ, ಮೊಮ್ಮಕ್ಕಳು. ಮಕ್ಕಳನ್ನು ಹೂತು, ಮತ್ತೆ ಮೊದಲಿಂದ ಗಂಜಿ ಕಾಸಲು ಶುರು ಮಾಡಿದವರು ಅವರು. ಅವರ ಫೋಟೋ ಯಾವ ಬ್ಯಾನರಿನ ಕೆಳಗೂ ಇಲ್ಲ.

ಸರ್ಕಾರಕ್ಕೆ ಇದು ಗೊತ್ತಿಲ್ಲದೇ ಇಲ್ಲ. 2004ರಲ್ಲೇ ತಬ್ಬಲಿ ಮಕ್ಕಳನ್ನು ಸಾಕುವ ಮನೆಗಳಿಗೆ ನೇರವಾಗಿ ಹಣ ಕೊಡುವ ಯೋಜನೆ ಪ್ರಯೋಗಕ್ಕೆ ಬಂತು. ಈಗ ಅದು 'ಇನುವಾ ಜಮೀ' ಅನ್ನುವ ಯೋಜನೆಯಲ್ಲಿದೆ, ತಿಂಗಳಿಗೆ 2,000 ಶಿಲ್ಲಿಂಗ್. ಹೇಳಿದ ಹೊತ್ತಿಗೆ ಬರುವುದಿಲ್ಲ ಅನ್ನುವುದು ಬೇರೆ ಮಾತು. 2017ರಲ್ಲಿ ಹೊಸ ಅನಾಥಾಲಯಗಳ ನೋಂದಣಿ ನಿಲ್ಲಿಸಿದರು. 2022ರಲ್ಲಿ ಮಕ್ಕಳಿಗಾಗಿ ಹೊಸ ಕಾಯ್ದೆ ಬಂತು. ಹೋಮುಗಳಲ್ಲಿರುವ ಮಕ್ಕಳನ್ನು ನಿಧಾನವಾಗಿ ಮನೆಗಳಿಗೆ, ನೆಂಟರ ಹತ್ತಿರಕ್ಕೆ ಸೇರಿಸಬೇಕು ಅಂತ 2032ರವರೆಗಿನ ಯೋಜನೆಯನ್ನೂ ಹಾಕಿಕೊಂಡಿದ್ದಾರೆ. ಅವರು ಮನೆ ಕಡೆ ಎಳೀತಿದ್ದಾರೆ, ನಾವು ಶೂ ಡಬ್ಬಿ ಹಿಡಿದು ಗೇಟಿನ ಒಳಗೆ ಎಳೀತಿದ್ದೇವೆ.

ಶಾಲೆಯ ಕಥೆಯೂ ಇದಕ್ಕೇ ಅಂಟಿಕೊಂಡಿದೆ. 2003ರಿಂದ ಪ್ರೈಮರಿಗೆ ಫೀಸಿಲ್ಲ. ಆದರೆ ಮುಕುರುವಿನಂಥ ಕಡೆ ಸರ್ಕಾರಿ ಶಾಲೆಗಳು ಸಾಲುವುದಿಲ್ಲ. ತಗಡಿನ ಗೋಡೆಯ ಚಿಕ್ಕ ಚಿಕ್ಕ ಶಾಲೆಗಳೇ ಗತಿ, ಅಲ್ಲಿ ಫೀಸಿದೆ. ಸರ್ಕಾರಿ ಶಾಲೆಯಲ್ಲೂ ಯೂನಿಫಾರ್ಮು, ಶೂ, ಪರೀಕ್ಷೆ ಕಾಸು ತಪ್ಪಿದ್ದಲ್ಲ. ಊಟದ ವಿಷಯದಲ್ಲಿ ಮಾತ್ರ ಒಳ್ಳೆಯದೊಂದು ಆಗಿದೆ: 2023ರಲ್ಲಿ ನೈರೋಬಿ ಕೌಂಟಿಯವರು, ಅಂದರೆ ಇಲ್ಲಿನ ಸ್ಥಳೀಯ ಸರ್ಕಾರದವರು, ದೊಡ್ಡ ಅಡುಗೆಮನೆಗಳನ್ನು ಕಟ್ಟಿ, ಸರ್ಕಾರಿ ಪ್ರೈಮರಿ ಮಕ್ಕಳಿಗೆ 5 ಶಿಲ್ಲಿಂಗಿಗೆ ಬಿಸಿಯೂಟ ಕೊಡಲು ಶುರು ಮಾಡಿದರು. ಹೀಗೆ ಹೊಟ್ಟೆಯ ಚಿಂತೆ ಮನೆಯ ಹತ್ತಿರವೇ ಕಳೆದರೆ ಮೊಮ್ಮಗನನ್ನು ಒಳಗೆ ಬಿಡುವ ಯೋಚನೆ ಯಾವ ಅಜ್ಜಿಗೂ ಬರಲಿಕ್ಕಿಲ್ಲ, ಅಲ್ವಾ?

ನನ್ನ ಅಮ್ಮ ಬೆಳೆದದ್ದು ಅರಕಲಗೂಡು ಕಡೆಯ ಒಂದು ಹಳ್ಳಿಯಲ್ಲಿ, ಸೋದರಮಾವನ ಮನೆಯಲ್ಲಿ. ನಾಲ್ಕು ವರ್ಷಕ್ಕೇ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡವಳು. ಮಾವನಿಗೆ ತನ್ನದೇ ಆರು ಮಕ್ಕಳಿದ್ದವು, ಮುದ್ದೆ ಲೆಕ್ಕದಲ್ಲಿ ಬೀಳುತ್ತಿತ್ತು. ಯಾರಾದರೂ ದೂರದವರು ಜೀಪಿನಲ್ಲಿ ಬಂದು, ಪೇಟೆಯ ಅನಾಥಾಲಯಕ್ಕೆ ಬಿಟ್ಟರೆ ಶೂ ಕೊಡ್ತೀವಿ, ಓದಿಸ್ತೀವಿ ಅಂದಿದ್ದರೆ ಮಾವ ಏನು ಮಾಡುತ್ತಿದ್ದರು? ಬಿಟ್ಟು ಬರುತ್ತಿದ್ದರು ಅಂತಲೇ ನನಗೆ ಅನಿಸುತ್ತದೆ. ಪ್ರೀತಿ ಕಮ್ಮಿಯಾಗಿ ಅಲ್ಲ, ಅವಳಿಗೆ ಒಳ್ಳೆಯದಾಗಲಿ ಅಂತ. ಆಗ ಅಮ್ಮನಿಗೆ ಅತ್ತೆಯ ಬೈಗುಳ, ಭಾವಂದಿರ ಜಗಳ, ಇವತ್ತಿಗೂ ಫೋನ್ ಮಾಡಿ "ಊಟ ಆಯ್ತಾ" ಅನ್ನುವ ಆ ದೊಡ್ಡ ಸಂಸಾರ ಯಾವುದೂ ಇರುತ್ತಿರಲಿಲ್ಲ.

ಇಲ್ಲಿನ ಭಾರತೀಯರು ಕೊಡುಗೈಯವರು ಅನ್ನುವುದರಲ್ಲಿ ಎರಡು ಮಾತಿಲ್ಲ. ಪಾರ್ಕ್‌ಲ್ಯಾಂಡ್ಸ್‌ನ ಎಂ. ಪಿ. ಶಾ ಆಸ್ಪತ್ರೆ ಇದೆ. ನೈರೋಬಿ ವಿಶ್ವವಿದ್ಯಾಲಯ ಬೆಳೆದದ್ದರ ಹಿಂದೆ, ಗಾಂಧಿ ಸ್ಮಾರಕಕ್ಕೆ ಅಂತ ಇಲ್ಲಿನ ಭಾರತೀಯರು ಕೂಡಿಸಿದ ದುಡ್ಡಿದೆ. ದೊಡ್ಡ ಕೆಲಸಗಳೇ. ಆದರೆ ಕಟ್ಟಡ ಕೊಟ್ಟು ಕೊಟ್ಟು ನಮ್ಮ ಕೈಗೆ ಅದೇ ರೂಢಿ ಆಗಿಬಿಟ್ಟಿದೆ. ಗೋಡೆ ಇದ್ದರೆ ಹೆಸರು ಕೆತ್ತಬಹುದು. ಅಜ್ಜಿಯ ಬೇಸಿನ್ ಮೇಲೆ ಏನು ಕೆತ್ತೋದು?

ಬುಧವಾರ ರಾತ್ರಿ ಗುಂಪಿನ ಮೀಟಿಂಗಿನಲ್ಲಿ ಇದನ್ನೆಲ್ಲ ಹೇಳಿದೆ. "ಒಬ್ಬರಿಗೆ ಕೊಟ್ಟರೆ ನಾಳೆ ಊರೇ ಸಾಲು ನಿಲ್ಲುತ್ತೆ" ಅಂದರು ಖಜಾಂಚಿ. ಸುಳ್ಳಲ್ಲ. ನಾವೇ ಹೋಗಿ ಹಂಚೋದು ಬೇಡ, ಶಾಲೆಯ ಮೂಲಕ ಕೊಡೋಣ ಅಂದೆ. ಯಾವ ಮಗು ಯಾರ ಮನೆಯಲ್ಲಿದೆ, ಯಾರ ಫೀಸು ಬಾಕಿ ಇದೆ ಅನ್ನುವುದು ಹೆಡ್ ಟೀಚರಿಗೆ ಗೊತ್ತಿರುತ್ತೆ. ಮೂರನೇ ಟರ್ಮ್ ಆಗಸ್ಟ್ ಕೊನೆಗೆ ಶುರು, ಅಷ್ಟರೊಳಗೆ ಫೀಸನ್ನು ಶಾಲೆಗೇ ಕಟ್ಟಬಹುದು. "ರಸೀದಿ?" ಅಂದರು. ಫೋನಿನಲ್ಲೇ ದುಡ್ಡು ಕಳಿಸುವ ಎಂ-ಪೆಸಾದ ಮೆಸೇಜೇ ರಸೀದಿ ಅಲ್ವಾ ಅಂದೆ. ಆಡಿಟರನ್ನು ಕೇಳಿ ಹೇಳ್ತಾರಂತೆ.

ಅವರು ಕೇಳಲಿ. ಈ ಶನಿವಾರ ನಾನು, ಮಂಗಳೂರಿನ ಆಂಟಿ ಇಬ್ಬರೇ ಹೋಗಿ ಆ ಹುಡುಗನ ಶಾಲೆ ಯಾವುದು ಅಂತ ವಿಚಾರಿಸಿಕೊಂಡು ಬರುತ್ತೇವೆ. ಪಾದದ ಅಳತೆಯನ್ನೂ ತರಬೇಕು. ಅಂದಾಜಿನಲ್ಲಿ ಶೂ ತಗೊಂಡರೆ ಆಗಲ್ಲ, ಕಾಗದದ ಮೇಲೆ ಕಾಲಿಡಿಸಿ ಗೆರೆ ಎಳೆದುಕೊಂಡೇ ಬರಬೇಕು ಅಂತ ಆಂಟಿ ಈಗಾಗಲೇ ಎರಡು ಸಲ ಫೋನ್ ಮಾಡಿದ್ದಾರೆ.