ಕಾಲೇಜು ಹುಡುಗರ ಆಟಕ್ಕೆ ಇಷ್ಟೊಂದು ಹುಚ್ಚಾ?

ಊರಿಂದ ಫೋನ್ ಮಾಡುವ ಗೆಳೆಯರು, ಇಲ್ಲಿಗೆ ಬಂದು ಹೋಗುವ ನೆಂಟರು, ಈಚೆಗಷ್ಟೇ ಕೆಲಸಕ್ಕೆ ಬಂದಿಳಿದ ನಮ್ಮ ಕಡೆ ಹುಡುಗರು, ಎಲ್ಲರದ್ದೂ ಒಂದೇ ಪ್ರಶ್ನೆ. "ಅಮೆರಿಕದಲ್ಲಿ ಎನ್‌ಬಿಎ ಅಂತ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಇದೆ. ಜಗತ್ತಿನ ಘಟಾನುಘಟಿಗಳೆಲ್ಲ ಅಲ್ಲೇ ಆಡ್ತಾರೆ. ಅದನ್ನು ಬಿಟ್ಟು ಯೂನಿವರ್ಸಿಟಿ ಹುಡುಗರ ಬ್ಯಾಸ್ಕೆಟ್‌ಬಾಲ್ ಹಿಂದೆ ಯಾಕೆ ಬಿದ್ದಿದ್ದೀರಿ?"

ನಾನಿರುವುದು ಕಾನ್ಸಾಸ್ ರಾಜ್ಯದಲ್ಲಿ. ಅವರು ಕೇಳುವುದು ಲಾರೆನ್ಸ್ ಊರಿನ ಕಾನ್ಸಾಸ್ ವಿಶ್ವವಿದ್ಯಾಲಯದ ಪುರುಷರ ತಂಡದ ಬಗ್ಗೆ. ವಿಶ್ವವಿದ್ಯಾಲಯಕ್ಕೆ ಇಲ್ಲಿ ಎಲ್ಲರೂ ಕೆಯು ಅಂತಾರೆ, ತಂಡಕ್ಕೆ ಜೇಹಾಕ್ಸ್.

ಸುಲಭದ ಉತ್ತರ ಒಂದಿದೆ. ನಮ್ಮಲ್ಲಿ ಎನ್‌ಬಿಎ ತಂಡವೇ ಇಲ್ಲ. ಪಕ್ಕದ ಕಾನ್ಸಾಸ್ ಸಿಟಿಯಲ್ಲಿ ಕಿಂಗ್ಸ್ ಅಂತ ಒಂದು ತಂಡ ಇತ್ತು, 1985ರಲ್ಲಿ ಗಂಟುಮೂಟೆ ಕಟ್ಟಿಕೊಂಡು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊಗೆ ಹೋಯಿತು. ಈಗ ಎನ್‌ಬಿಎ ಆಟ ನೋಡಬೇಕೆಂದರೆ ಒಕ್ಲಹೋಮ ಸಿಟಿಯವರೆಗೆ ಕಾರು ಓಡಿಸಬೇಕು. ಆದರೆ ಇದು ಅರ್ಧ ಉತ್ತರ ಅಷ್ಟೇ. ಪಕ್ಕದ ನೆಬ್ರಾಸ್ಕಾದಲ್ಲೂ ಎನ್‌ಬಿಎ ತಂಡ ಇಲ್ಲ. ಅಲ್ಲಿನವರು ಬ್ಯಾಸ್ಕೆಟ್‌ಬಾಲ್‌ಗೆ ಹೀಗೆ ತಲೆ ಕೆಡಿಸಿಕೊಂಡಿಲ್ಲ, ಅವರ ಹುಚ್ಚೆಲ್ಲ ಅಮೆರಿಕನ್ ಫುಟ್‌ಬಾಲ್ ಕಡೆಗೆ.

ಉಳಿದರ್ಧ ಉತ್ತರ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮದ ಮೇಷ್ಟ್ರಿಂದ ಶುರುವಾಗುತ್ತದೆ. 1891ರ ಡಿಸೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ಚಳಿಗೆ ಹೊರಗೆ ಹೋಗಲಾಗದೆ ಒಳಗೇ ಗಲಾಟೆ ಮಾಡುತ್ತಿದ್ದ ವಿದ್ಯಾರ್ಥಿಗಳಿಗಾಗಿ ಈ ಆಟ ಹುಟ್ಟುಹಾಕಿದವರು ಇವರೇ. ಪೀಚ್ ಹಣ್ಣಿನ ಎರಡು ಬುಟ್ಟಿ, 13 ನಿಯಮ, ಅಷ್ಟೇ. ಅದೇ ನೈಸ್ಮಿತ್ 1898ರಲ್ಲಿ ಲಾರೆನ್ಸ್‌ಗೆ ಬಂದರು. ಬಂದದ್ದು ಬ್ಯಾಸ್ಕೆಟ್‌ಬಾಲ್‌ಗಾಗಿ ಅಲ್ಲ. ವ್ಯಾಯಾಮ ಕಲಿಸೋದು, ಪ್ರಾರ್ಥನಾ ಮಂದಿರ ನೋಡಿಕೊಳ್ಳೋದು ಅವರ ಕೆಲಸ. ಜೊತೆಗೆ ಒಂದು ತಂಡವನ್ನೂ ಕಟ್ಟಿದರು. ಗೆದ್ದದ್ದು 55, ಸೋತದ್ದು 60. ಕೆಯು ಚರಿತ್ರೆಯಲ್ಲಿ ಗೆಲುವಿಗಿಂತ ಸೋಲು ಜಾಸ್ತಿ ಇರುವ ಒಬ್ಬನೇ ಕೋಚ್ ಯಾರು ಅಂದರೆ, ಆಟವನ್ನು ಕಂಡುಹಿಡಿದವರೇ! ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ. ಇಲ್ಲಿನವರಿಗೆ ಇದರಿಂದ ಒಂಚೂರೂ ಮುಜುಗರವಿಲ್ಲ, ಖುಷಿಯಿಂದ ಹೇಳಿಕೊಳ್ಳುತ್ತಾರೆ.

ಅವರ ಕೈಕೆಳಗೆ ಆಡಿದ ಹುಡುಗ ಫಾಗ್ ಆಲನ್. ಕೋಚ್ ಆಗ್ತೀನಿ ಅಂದಾಗ ನೈಸ್ಮಿತ್, ಇದು ಆಡುವ ಆಟ ಕಣಯ್ಯ, ಇದರಲ್ಲಿ ಕಲಿಸೋಕೆ ಏನಿದೆ ಅಂದರಂತೆ. ಆಲನ್ ಕೇಳಲಿಲ್ಲ. ಎರಡು ಸರದಿಯಲ್ಲಿ, ಒಟ್ಟು ಸುಮಾರು ನಾಲ್ಕು ದಶಕ ಕೆಯು ಕೋಚ್ ಆಗಿದ್ದರು. 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಬ್ಯಾಸ್ಕೆಟ್‌ಬಾಲ್ ಸೇರಿದ್ದರ ಹಿಂದೆ ಅವರ ಓಡಾಟವೂ ಇತ್ತು. ಅವರ ಬಳಿ ಆಡಿ ಕಲಿತ ಅಡಾಲ್ಫ್ ರಪ್ ಕೆಂಟಕಿಗೆ ಹೋಗಿ ದೊಡ್ಡ ಹೆಸರು ಮಾಡಿದರು. 1952ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ ಕೆಯು ತಂಡದ ಬೆಂಚಿನಲ್ಲಿದ್ದ ಡೀನ್ ಸ್ಮಿತ್ ಮುಂದೆ ನಾರ್ತ್ ಕ್ಯಾರೊಲಿನಾದ ಕೋಚ್ ಆದರು. ಕೆಂಟಕಿ, ನಾರ್ತ್ ಕ್ಯಾರೊಲಿನಾ ಎರಡೂ ಇವತ್ತಿಗೂ ನಮ್ಮ ಬದ್ಧ ಎದುರಾಳಿಗಳು. ಎದುರಾಳಿಗಳ ಮನೆಯ ಹಿರಿಯರೂ ಇಲ್ಲಿಂದಲೇ ಹೋದವರು, ನೋಡಿ. ನೈಸ್ಮಿತ್ ಕಾಲದಿಂದ ಲೆಕ್ಕ ಹಾಕಿದರೆ ಕೆಯು ಮುಖ್ಯ ಕೋಚ್‌ಗಳ ಪಟ್ಟಿ ಒಂದು ಕೈಬರಹದ ಚೀಟಿಯಲ್ಲಿ ಮುಗಿಯುತ್ತದೆ. 2003ರಲ್ಲಿ ಬಂದ ಬಿಲ್ ಸೆಲ್ಫ್ ಎಂಟನೆಯವರು.

ಹುಡುಗರು ಒಂದು ವರ್ಷ ಆಡಿ ಎನ್‌ಬಿಎಗೆ ಹಾರಿಹೋಗುತ್ತಾರೆ, ಅಂಥವರ ಮೇಲೆ ಏನು ಅಭಿಮಾನ ಅಂತ ಕೆಲವರು ಕೇಳುತ್ತಾರೆ. ನಿಜ, ಈಗೀಗ ಹೆಸರು ನೆನಪಾಗುವಷ್ಟರಲ್ಲಿ ಆಟಗಾರ ಬದಲಾಗಿರುತ್ತಾನೆ. ಆದರೆ ಜನ ಹಿಡಿದುಕೊಂಡಿರುವುದು ಆಟಗಾರರನ್ನಲ್ಲ, ಈ ಪರಂಪರೆಯನ್ನು. ಕೆಲಸ ಹುಡುಕಿ ಎಲ್ಲೆಲ್ಲಿಗೋ ಹೋದವರು ಮನೆದೇವರ ಜಾತ್ರೆಗೆ ತಪ್ಪದೆ ಬರುವ ಹಾಗೆ, ಚಳಿಗಾಲ ಬಂತೆಂದರೆ ತಂಡದ ಆಟ ನಡೆಯುವ ಆಲನ್ ಫೀಲ್ಡ್‌ಹೌಸ್‌ಗೆ ಬರುತ್ತಾರೆ. ಅಜ್ಜ ಕೂತ ಸೀಟಿನಲ್ಲಿ ಮೊಮ್ಮಗಳು ಕೂರುತ್ತಾಳೆ.

ಆ ಕಟ್ಟಡದ ಬಗ್ಗೆ ಸ್ವಲ್ಪ ಹೇಳಲೇಬೇಕು. 1955ರಲ್ಲಿ ಶುರುವಾಗಿದ್ದು, ಸುಣ್ಣಕಲ್ಲಿನ ಗೋಡೆ, ಹೊರಗಿಂದ ನೋಡಿದರೆ ದೊಡ್ಡ ಉಗ್ರಾಣ. ಒಳಗೆ 15 ಸಾವಿರಕ್ಕೂ ಹೆಚ್ಚು ಜನ ಹಿಡಿಸುತ್ತಾರೆ. ಊರಿನ ಜನಸಂಖ್ಯೆ ಸುಮಾರು 95 ಸಾವಿರ. ಲೆಕ್ಕ ನೀವೇ ಹಾಕಿ. ಎದುರು ತಂಡದ ಆಟಗಾರರ ಹೆಸರು ಕೂಗುವಾಗ ವಿದ್ಯಾರ್ಥಿಗಳೆಲ್ಲ ಪೇಪರ್ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದು ಓದುವ ನಾಟಕ ಮಾಡುತ್ತಾರೆ. ನಮ್ಮವರ ಹೆಸರು ಬಂದಾಗ ಅದೇ ಪೇಪರ್ ಚೂರುಚೂರಾಗಿ ಗಾಳಿಗೆ ಹಾರುತ್ತದೆ. ಗೆದ್ದ ಮೇಲೆ ಎರಡೂ ಕೈ ಎತ್ತಿ ನಿಧಾನಕ್ಕೆ ತೂಗಾಡಿಸುತ್ತಾರೆ. ಕಾನ್ಸಾಸ್ ಗೋಧಿಯ ನಾಡು, ಗಾಳಿಗೆ ತೂಗುವ ಗೋಧಿ ಹೊಲ ಅದು. ಒಳ್ಳೆಯ ಸೀಟಿಗಾಗಿ ವಿದ್ಯಾರ್ಥಿಗಳು ಗುಂಪು ಕಟ್ಟಿಕೊಂಡು ಕಟ್ಟಡದೊಳಗೆ ದಿನಗಟ್ಟಲೆ ಸರದಿ ಕಾಯುತ್ತಾರೆ. ಹಾಜರಿ ಕೂಗಿದಾಗ ಗುಂಪಿನಿಂದ ಒಬ್ಬರಾದರೂ ಇರದಿದ್ದರೆ ಹೆಸರು ಪಟ್ಟಿಯಿಂದ ಔಟ್.

ಗೆಲುವು ಖಾತ್ರಿಯಾದಾಗ "ರಾಕ್ ಚಾಕ್, ಜೇಹಾಕ್, ಕೆಯು" ಎಂದು ಎಳೆದು ಎಳೆದು ಹಾಡುತ್ತಾರೆ. ಮೊದಲ ಸಲ ಕೇಳಿದವರಿಗೆ ಮಂತ್ರಪಠಣ ಅನ್ನಿಸುತ್ತದೆ. ಈ ಘೋಷಣೆ ಶುರುವಾದದ್ದು 1886ರಲ್ಲಿ, ಒಬ್ಬ ಕೆಮಿಸ್ಟ್ರಿ ಪ್ರೊಫೆಸರ್‌ರಿಂದ. ಅಂದರೆ ಬ್ಯಾಸ್ಕೆಟ್‌ಬಾಲ್ ಹುಟ್ಟುವುದಕ್ಕೂ ಐದು ವರ್ಷ ಮುಂಚೆ! ಜೇಹಾಕ್ ಎಂಬ ಹೆಸರಂತೂ ಗುಲಾಮಗಿರಿ ವಿರುದ್ಧ ಇಲ್ಲಿನವರು ಪಕ್ಕದ ಮಿಸೌರಿಯವರ ಜೊತೆ ಹೊಡೆದಾಡಿದ ಕಾಲದ್ದು. 1863ರಲ್ಲಿ ಮಿಸೌರಿ ಕಡೆಯ ದಾಳಿಕೋರರು ಲಾರೆನ್ಸ್ ಊರನ್ನೇ ಸುಟ್ಟರು. ಮಿಸೌರಿ ವಿಶ್ವವಿದ್ಯಾಲಯದ ಮೇಲೆ ಆಟ ಇದ್ದಾಗ ಗದ್ದಲ ಯಾಕೆ ಅಷ್ಟು ಜೋರು ಅಂತ ಈಗ ಗೊತ್ತಾಯಿತಲ್ಲ.

ಹಾಗಂತ ಎಲ್ಲವೂ ಹೆಮ್ಮೆಪಡುವಂಥದ್ದೇ ಅಲ್ಲ. 1930ರ ದಶಕದಲ್ಲಿ ಜಾನ್ ಮೆಕ್ಲೆಂಡನ್ ಎಂಬ ಕರಿಯ ವಿದ್ಯಾರ್ಥಿ ಇಲ್ಲಿ ಓದಿದರು. ನೈಸ್ಮಿತ್‌ಗೆ ಮೆಚ್ಚಿನ ಶಿಷ್ಯ. ಆದರೆ ಚರ್ಮದ ಬಣ್ಣದ ಕಾರಣಕ್ಕೆ ಕೆಯು ತಂಡದಲ್ಲಿ ಆಡಲು ಬಿಡಲಿಲ್ಲ. ಮುಂದೆ ಅವರು ಟೆನೆಸ್ಸೀ ಸ್ಟೇಟ್‌ನ ಕೋಚ್ ಆಗಿ 1957ರಿಂದ ಸತತ ಮೂರು ವರ್ಷ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಇವತ್ತಿನ ವೇಗದ ಬ್ಯಾಸ್ಕೆಟ್‌ಬಾಲ್‌ಗೆ ದಾರಿ ಹಾಕಿದವರಲ್ಲಿ ಅವರೂ ಒಬ್ಬರು. ನನ್ನ ಪ್ರಕಾರ ನೈಸ್ಮಿತ್‌ರ ನಿಜವಾದ ಉತ್ತರಾಧಿಕಾರಿ ಆಲನ್‌ಗಿಂತ ಇವರೇ. ಇದಕ್ಕೆ ಇಲ್ಲಿ ಎಲ್ಲರೂ ಒಪ್ಪುವುದಿಲ್ಲ.

ವಿಲ್ಟ್ ಚೇಂಬರ್ಲೇನ್ ಕತೆ ಇನ್ನೊಂದು ಥರ. ಏಳಡಿಯ ಈ ಹುಡುಗನನ್ನು ಫಿಲಡೆಲ್ಫಿಯಾದಿಂದ ಕರೆತಂದದ್ದು ಆಲನ್. ಆಗ ಮೊದಲ ವರ್ಷದವರು ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. ವಿಲ್ಟ್ ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ ಆಲನ್‌ಗೆ 70 ತುಂಬಿ ಕಡ್ಡಾಯ ನಿವೃತ್ತಿ. ಮುಖ್ಯ ತಂಡದ ಮೊದಲ ಆಟದಲ್ಲೇ ವಿಲ್ಟ್ 52 ಪಾಯಿಂಟ್ ಹೊಡೆದರು. ಆದರೆ 1957ರ ರಾಷ್ಟ್ರೀಯ ಫೈನಲ್‌ನಲ್ಲಿ, ಮೂರು ಸಲ ಹೆಚ್ಚುವರಿ ಸಮಯ ಆಡಿಸಿದ ಮೇಲೆ, ನಾರ್ತ್ ಕ್ಯಾರೊಲಿನಾ 54–53ರಲ್ಲಿ ಗೆದ್ದಿತು. ಒಂದೇ ಒಂದು ಪಾಯಿಂಟ್! ಮರುವರ್ಷ ವಿಲ್ಟ್ ಕಾಲೇಜು ಬಿಟ್ಟರು. ಊರಿನವರನ್ನು ನಿರಾಸೆ ಮಾಡಿದೆ ಎಂಬ ಅಳುಕು ಅವರಲ್ಲಿ ದಶಕಗಳ ಕಾಲ ಉಳಿದಿತ್ತು. 1998ರ ಜನವರಿಯಲ್ಲಿ ಅವರ 13ನೇ ನಂಬರಿನ ಜರ್ಸಿಯನ್ನು ಗೌರವದಿಂದ ಮೇಲೇರಿಸಿದಾಗ ಹಳೆಯ ಕಾಲೇಜು ಜಾಕೆಟ್ ಹಾಕಿಕೊಂಡು ಬಂದರು. ಇಡೀ ಸಭಾಂಗಣ ಎದ್ದು ನಿಂತಿತು.

ಗೆಲುವುಗಳ ಬಗ್ಗೆ ಜಾಸ್ತಿ ಎಳೆಯುವುದಿಲ್ಲ, ಯೂಟ್ಯೂಬ್‌ನಲ್ಲಿ ಸಿಗುತ್ತವೆ. 1952ರ ನಂತರ ರಾಷ್ಟ್ರೀಯ ಚಾಂಪಿಯನ್ ಆದದ್ದು 1988, 2008, 2022ರಲ್ಲಿ. ಒಂದನ್ನೇ ನೋಡಲು ಪುರುಸೊತ್ತಿದ್ದರೆ 2008ರದ್ದು ನೋಡಿ. ಮೆಂಫಿಸ್ ಎದುರು ಕೊನೆಯ ಎರಡು ನಿಮಿಷ ಚಿಲ್ಲರೆ ಉಳಿದಾಗ ಒಂಬತ್ತು ಪಾಯಿಂಟ್ ಹಿಂದೆ. ಇನ್ನೇನು ಮುಗಿಯಿತು ಅನ್ನುವಾಗ ಮಾರಿಯೊ ಚಾಮರ್ಸ್ ದೂರದಿಂದ ಹಾಕಿದ ಮೂರು ಪಾಯಿಂಟಿನ ಚೆಂಡು ಬುಟ್ಟಿಗೆ ಬಿತ್ತು. ಆಟ ಸಮ. ಹೆಚ್ಚುವರಿ ಸಮಯದಲ್ಲಿ 75–68. 2022ರದ್ದೂ ಕಡಿಮೆಯಿಲ್ಲ. ಅರ್ಧ ಆಟಕ್ಕೆ 15 ಪಾಯಿಂಟ್ ಹಿಂದಿದ್ದು ನಾರ್ತ್ ಕ್ಯಾರೊಲಿನಾವನ್ನೇ 72–69ರಲ್ಲಿ ಸೋಲಿಸಿದ್ದು.

ಬ್ಯಾಸ್ಕೆಟ್‌ಬಾಲ್ ಒಂದೇ ಅಂದುಕೊಳ್ಳಬೇಡಿ. ನಾಲ್ಕು ಒಲಿಂಪಿಕ್ಸ್‌ನಲ್ಲಿ ಸತತವಾಗಿ ಡಿಸ್ಕಸ್ ಚಿನ್ನ ಗೆದ್ದ ಆಲ್ ಓರ್ಟರ್ ಓದಿದ್ದು ಕೆಯುನಲ್ಲೇ. 1964ರ ಟೋಕಿಯೊದಲ್ಲಿ 10,000 ಮೀಟರ್ ಓಟದಲ್ಲಿ ಎಲ್ಲರನ್ನೂ ದಂಗುಬಡಿಸಿ ಚಿನ್ನ ಗೆದ್ದ ಬಿಲ್ಲಿ ಮಿಲ್ಸ್ ಕೂಡ.

ದುಡ್ಡಿನ ವಿಷಯ ಎತ್ತದೆ ಬಿಟ್ಟರೆ ತಪ್ಪಾಗುತ್ತದೆ. ವರ್ಷಗಳ ಕಾಲ ಕೋಚ್‌ಗಳಿಗೆ ಕೋಟಿ ಕೋಟಿ, ಆಡುವ ಹುಡುಗರಿಗೆ ಸ್ಕಾಲರ್‌ಶಿಪ್ ಮಾತ್ರ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಕದ್ದುಮುಚ್ಚಿ ದುಡ್ಡು ಓಡಾಡುತ್ತಿತ್ತು. ಎಫ್‌ಬಿಐ ತನಿಖೆಯಿಂದ ಹೊರಬಿದ್ದ ಪ್ರಕರಣದಲ್ಲಿ ಕೆಯು ಕೂಡ ಸಿಕ್ಕಿಬಿತ್ತು. 2023ರಲ್ಲಿ ಬಂದ ತೀರ್ಪಿನಿಂದ 2017–18ರ ಸಾಲಿನ 15 ಗೆಲುವು, ಆ ವರ್ಷದ ಸೆಮಿಫೈನಲ್ ಸಾಧನೆ ಎಲ್ಲ ದಾಖಲೆಯಿಂದ ಹೋದವು. 2021ರಿಂದ ಆಟಗಾರರು ಜಾಹೀರಾತಿನಿಂದ ಗಳಿಸಬಹುದು. 2025ರಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದು. ಹಳಬರು ಗೊಣಗುತ್ತಾರೆ. ನನಗೇನೋ ಮುಚ್ಚುಮರೆ ಇಲ್ಲದ್ದೇ ಒಳ್ಳೆಯದು ಅನ್ನಿಸುತ್ತದೆ.

ಈ ಕಡೆ ಬಂದರೆ ಒಂದು ಸಲ ಲಾರೆನ್ಸ್‌ಗೆ ಹೋಗಿ. ದೊಡ್ಡ ಆಟಗಳ ಟಿಕೆಟ್ ದುಬಾರಿ, ಸಿಗುವುದೂ ಕಷ್ಟ. ಆಟವಿಲ್ಲದ ದಿನ ಹೋದರೂ ನಷ್ಟವಿಲ್ಲ. ಫೀಲ್ಡ್‌ಹೌಸ್ ಪಕ್ಕದ ಡೆಬ್ರೂಸ್ ಸೆಂಟರ್‌ನಲ್ಲಿ ನೈಸ್ಮಿತ್ ಟೈಪ್ ಮಾಡಿಸಿದ ಆ 13 ನಿಯಮಗಳ ಮೂಲ ಹಾಳೆಗಳನ್ನೇ ಇಟ್ಟಿದ್ದಾರೆ. 2010ರಲ್ಲಿ ನ್ಯೂಯಾರ್ಕ್‌ನ ಹರಾಜಿನಲ್ಲಿ ಡೇವಿಡ್ ಬೂತ್ ಎಂಬ ಹಳೆಯ ವಿದ್ಯಾರ್ಥಿ ಸುಮಾರು 43 ಲಕ್ಷ ಡಾಲರ್ ಕೊಟ್ಟು ಕೊಂಡು ತಂದದ್ದು. ಅವರು ಹುಡುಗನಾಗಿದ್ದಾಗ ಬೆಳೆದ ಮನೆ ಇದ್ದದ್ದು ಅದೇ ಊರಿನ ನೈಸ್ಮಿತ್ ಡ್ರೈವ್ ಎಂಬ ರಸ್ತೆಯಲ್ಲಿ.