ನಕ್ಷೆಯ ಖಾಲಿ ಜಾಗವನ್ನು ಓದುವ ಬಗೆ

ಬೆಂಗಳೂರಿನಲ್ಲಿ ಕುಳಿತು ಸಮುದ್ರಜೀವಿಗಳ ಸಂಚಾರದ ದತ್ತಾಂಶವನ್ನು ನಕ್ಷೆಗೆ ಇಳಿಸುವುದು ನನ್ನ ಉದ್ಯೋಗ. ಹವಾಮಾನ ಬದಲಾವಣೆಯಿಂದ ತಿಮಿಂಗಿಲ ಶಾರ್ಕ್‌ಗಳ ವಲಸೆಯಲ್ಲಿ ಆಗುತ್ತಿರುವ ವ್ಯತ್ಯಾಸಗಳ ಮೇಲೆ ಕೆಲಸ ಮಾಡುವಾಗ ಮನದಟ್ಟಾದ ಒಂದು ಪಾಠವನ್ನು ಈ ಕ್ಷೇತ್ರಕ್ಕೆ ಹೊಸದಾಗಿ ಬರುವವರಿಗಾಗಿ ಬರೆಯುತ್ತಿದ್ದೇನೆ: ನಕ್ಷೆಯಲ್ಲಿ ಮೀನು ಕಂಡದ್ದನ್ನು ತೋರಿಸುವ ಚುಕ್ಕಿಗಳಿರುವ ಜಾಗಕ್ಕಿಂತ ಚುಕ್ಕಿಗಳಿಲ್ಲದ ಜಾಗವನ್ನು ಹೆಚ್ಚು ಎಚ್ಚರದಿಂದ ಓದಬೇಕು.

ಜಗತ್ತಿನ ಅತಿ ದೊಡ್ಡ ಮೀನಾದ ತಿಮಿಂಗಿಲ ಶಾರ್ಕ್ ಪ್ಲವಕಗಳನ್ನೂ (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು) ಮೀನಿನ ಮೊಟ್ಟೆಗಳನ್ನೂ ನೀರಿನಿಂದ ಸೋಸಿ ತಿಂದು ಬದುಕುತ್ತದೆ. ಸಮುದ್ರದ ಮೇಲ್ಪದರ ಬಿಸಿಯಾದಷ್ಟೂ ಅದು ಹಗುರವಾಗಿ, ಕೆಳಗಿನ ತಣ್ಣೀರಿನೊಡನೆ ಬೆರೆಯುವುದು ಕಡಿಮೆಯಾಗುತ್ತದೆ. ಆಳದ ಪೋಷಕಾಂಶಗಳು ಮೇಲೇರದೆ ಪ್ಲವಕಗಳು ಸೊರಗುತ್ತವೆ. ಪಶ್ಚಿಮ ಹಿಂದೂ ಮಹಾಸಾಗರದಲ್ಲಿ ಆರು ದಶಕಗಳಲ್ಲಿ ಸಸ್ಯಪ್ಲವಕಗಳು ಶೇ 20ರವರೆಗೆ ಕುಸಿದಿರಬಹುದೆಂದು 2016ರ ಅಧ್ಯಯನವೊಂದು ತೋರಿಸಿತು. ಇನ್ನೊಂದೆಡೆ, ಉತ್ತರ ಅಟ್ಲಾಂಟಿಕ್‌ನ ಅಜೋರ್ಸ್ ದ್ವೀಪಗಳ ಬಳಿ ಬೆಚ್ಚನೆಯ ನೀರು ಹಬ್ಬಿದಂತೆ, 2008ರಿಂದೀಚೆಗೆ ಈ ಶಾರ್ಕ್‌ಗಳು ಹೆಚ್ಚಾಗಿ ಕಾಣಿಸಿಕೊಳ್ಳತೊಡಗಿದವು.

ಇಷ್ಟನ್ನು ತಿಳಿದವರು ನಕ್ಷೆಯಲ್ಲಿ ಖಾಲಿ ಜಾಗ ಕಂಡೊಡನೆ ಮೀನು ಬೇರೆಡೆಗೆ ಹೋಯಿತೆಂದು ತೀರ್ಮಾನಿಸುವುದು ಸುಲಭ. ಆದರೆ ಶಾರ್ಕ್‌ಗೆ ಅಳವಡಿಸಿದ ಉಪಗ್ರಹ ಟ್ಯಾಗ್‌ನ ರೇಡಿಯೊ ಸಂಕೇತ ಉಪ್ಪುನೀರನ್ನು ದಾಟಲಾರದು; ಆಂಟೆನಾ ನೀರಿನಿಂದ ಮೇಲೆ ಬಂದಾಗ ಮಾತ್ರ ಉಪಗ್ರಹಕ್ಕೆ ಸುದ್ದಿ ಮುಟ್ಟುತ್ತದೆ. 1,900 ಮೀಟರ್‌ಗೂ ಹೆಚ್ಚು ಆಳಕ್ಕೆ ಇಳಿಯಬಲ್ಲ ಮೀನು ಕೆಳಗೇ ಉಳಿದಷ್ಟು ಹೊತ್ತು ನಮ್ಮ ಪರದೆ ಬರಿದಾಗಿರುತ್ತದೆ. ಮೀನುಗಾರರಿಂದ ಬರುವ ದಾಖಲೆಗಳೂ ಹೀಗೆಯೇ. ಸೌರಾಷ್ಟ್ರದ ಕರಾವಳಿಯಲ್ಲಿ 2004ರಿಂದ ನಡೆದ ಜಾಗೃತಿ ಅಭಿಯಾನದ ಫಲವಾಗಿ, ಬಲೆಗೆ ಸಿಕ್ಕ ತಿಮಿಂಗಿಲ ಶಾರ್ಕ್‌ಗಳನ್ನು ಮೀನುಗಾರರು ತಮ್ಮ ಬಲೆಯನ್ನೇ ಕತ್ತರಿಸಿ ಬಿಡುಗಡೆ ಮಾಡುತ್ತಿದ್ದಾರೆ (ಅವರ ಈ ಔದಾರ್ಯದ ಬಗ್ಗೆ ನನಗೆ ಅಪಾರ ಗೌರವವಿದೆ). ಇಂತಹ ಬಿಡುಗಡೆಗಳು ದಾಖಲೆಯಾಗುತ್ತವೆ. ಆದರೆ ಪಶ್ಚಿಮ ಕರಾವಳಿಯಲ್ಲಿ ಜೂನ್ ಮತ್ತು ಜುಲೈನಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಆ ತಿಂಗಳುಗಳ ದಾಖಲೆಯ ಕೊರತೆ ಮೀನಿನ ಸಂಚಾರಕ್ಕಿಂತ ದೋಣಿಗಳು ದಡದಲ್ಲಿರುವುದನ್ನೇ ಹೇಳುತ್ತದೆ.

ಮೂರನೆಯ ಬಗೆಯ ಮೌನ ಅತ್ಯಂತ ಕಠೋರವಾದದ್ದು. ಹಡಗುಗಳ ದಟ್ಟಣೆಯಿರುವ ಮಾರ್ಗಗಳಲ್ಲಿ ಟ್ಯಾಗ್‌ಗಳ ಸಂಕೇತ ನಿರೀಕ್ಷೆಗಿಂತ ಹೆಚ್ಚಾಗಿ ನಿಂತುಹೋಗುತ್ತಿರುವುದನ್ನು 2022ರಲ್ಲಿ ಸಂಶೋಧಕರು ಗುರುತಿಸಿದರು. ಆಳವನ್ನು ದಾಖಲಿಸುವ ಕೆಲವು ಟ್ಯಾಗ್‌ಗಳಲ್ಲಿ, ಹಡಗಿನ ಹಾದಿಗೆ ಬಂದ ಶಾರ್ಕ್ ನಿಧಾನವಾಗಿ ಸಮುದ್ರತಳಕ್ಕೆ ಮುಳುಗಿದ್ದು ಕಾಣಿಸಿತ್ತು. ಹಡಗು ಬಡಿದು ಸತ್ತ ಶಾರ್ಕ್ ಮುಳುಗಿಹೋಗುವುದರಿಂದ ಇಂತಹ ಸಾವಿಗೆ ಸಾಕ್ಷಿ ಸಿಗುವುದು ಅಪರೂಪ. ಉಪಗ್ರಹದ ಮೂಲಕ ಹಿಂಬಾಲಿಸಿದ 348 ಶಾರ್ಕ್‌ಗಳ ದತ್ತಾಂಶವನ್ನು ಆಧರಿಸಿದ 2024ರ ಅಧ್ಯಯನವು ಇದನ್ನೇ ಮುಂದಿನ ಕಾಲಕ್ಕೆ ವಿಸ್ತರಿಸಿ ನೋಡಿತು. ಇಂಗಾಲದ ಹೊರಸೂಸುವಿಕೆ ತಗ್ಗದಿದ್ದರೆ 2100ರ ಹೊತ್ತಿಗೆ ಕೆಲವು ದೇಶಗಳ ಕಡಲಿನಲ್ಲಿ ಅವುಗಳ ಮುಖ್ಯ ಆವಾಸದ ಅರ್ಧಕ್ಕಿಂತ ಹೆಚ್ಚು ಭಾಗ ನಷ್ಟವಾಗಬಹುದು. ಹೊಸ ನೆಲೆಗಳಲ್ಲಿ ಹಡಗುಗಳೊಡನೆ ಎದುರಾಗುವ ಸಂಭವ ಇಂದಿನದಕ್ಕಿಂತ ಸುಮಾರು 15,000 ಪಟ್ಟು ಏರಬಹುದು. ಸುಸ್ಥಿರ ಅಭಿವೃದ್ಧಿಯ ದಾರಿಯಲ್ಲಿ ಈ ಏರಿಕೆ ಸುಮಾರು 20 ಪಟ್ಟಿಗೆ ಸೀಮಿತವಾಗುತ್ತದೆ.

ಈ ಕಾರಣದಿಂದ, ತಾಪಮಾನದ ನಕ್ಷೆಯನ್ನಷ್ಟೇ ಕೊಟ್ಟು ಕೆಲಸ ಮುಗಿಯಿತೆನ್ನುವುದನ್ನು ನಾನು ಒಪ್ಪುವುದಿಲ್ಲ. ಹುಡುಕಿಯೂ ಮೀನು ಕಾಣದ ನೀರಿಗೂ ಯಾರೂ ಹುಡುಕದ ನೀರಿಗೂ ಬೇರೆ ಬೇರೆ ಬಣ್ಣ ಹಾಕಿ, ಅದರ ಮೇಲೆ ಹಡಗುಗಳ ಮಾರ್ಗವನ್ನು ಎಳೆದು, ಪ್ರತಿ ಟ್ಯಾಗ್‌ನ ಕೊನೆಯ ಸಂಕೇತ ಬಂದ ಸ್ಥಳವನ್ನು ಪ್ರತ್ಯೇಕವಾಗಿ ಗುರುತಿಸಿದ ಮೇಲೆಯೇ ಆ ನಕ್ಷೆಯನ್ನು ಬೇರೆಯವರ ಕೈಗೆ ಕೊಡುತ್ತೇನೆ.