ತೆನೆ ಹಬ್ಬದ ನೊವೆನಾದಲ್ಲಿ ಶ್ರೀಲಂಕಾದ ಹೆಸರು

ಆಗಸ್ಟ್ 30 ಬಂತು ಅಂದರೆ ನಮ್ಮ ಕಡೆ ಮಕ್ಕಳಿಗೆ ಹೂವಿನದೇ ಚಿಂತೆ. ಚಿಕ್ಕಮಗಳೂರಿನಿಂದ ಬಾಳೆಹೊನ್ನೂರಿಗೆ ಹೋಗುವ ದಾರಿಯಲ್ಲಿ, ಕಾಫಿ ತೋಟಗಳ ನಡುವೆ ನಮ್ಮ ಸಣ್ಣ ಚರ್ಚಿದೆ. ಆ ಹೊತ್ತಿಗೆ ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ. ಆದರೂ ಎಲ್ಲರ ಮನೆ ಮುಂದೆ ಡೇರೆ ಹೂ ಅರಳಿರುತ್ತದೆ. ಒಂದು ಕೈಯಲ್ಲಿ ಹೂವಿನ ಬುಟ್ಟಿ, ಇನ್ನೊಂದು ಕೈಯಲ್ಲಿ ಕೊಡೆ ಹಿಡಿದು ಮಕ್ಕಳು ಬರುತ್ತಾರೆ. ಒಂಬತ್ತು ದಿನದ ಪ್ರಾರ್ಥನೆ ಅಂದರೆ ನೊವೆನಾ, ಯೇಸುವಿನ ತಾಯಿ ಬಾಲ ಮರಿಯಮ್ಮನಿಗೆ ಹೂ ಹಾಕುವುದು, ಸೆಪ್ಟೆಂಬರ್ 8ಕ್ಕೆ ಮಾತೆಯ ಹುಟ್ಟುಹಬ್ಬ, ತೆನೆಗೆ ಆಶೀರ್ವಾದ, ಮನೆಯವರೆಲ್ಲ ಒಟ್ಟಿಗೆ ಕೂತು ಹೊಸಕ್ಕಿ ಊಟ. ಇದೆಲ್ಲ ನಿಮಗೂ ಗೊತ್ತಿರುವುದೇ.

ಆದರೆ 2022ರ ನೊವೆನಾ ನನ್ನ ಮನಸ್ಸಿನಲ್ಲಿ ಬೇರೆಯೇ ಆಗಿ ಉಳಿದಿದೆ. ಆ ವರ್ಷ ನಮ್ಮ ಫಾದರ್ ಒಂದು ಸಂಜೆಯ ಬಲಿಪೂಜೆಯನ್ನು (ಮಾಸ್) ಶ್ರೀಲಂಕಾದ ಜನರಿಗಾಗಿ ಅರ್ಪಿಸೋಣ ಅಂದರು. ಕಾರಣ ಇತ್ತು. ನಮ್ಮ ಚರ್ಚಿನ ಹೆಣ್ಣುಮಗಳೊಬ್ಬರು ಸಿಸ್ಟರ್ ಆಗಿ ಅಲ್ಲಿ ಸೇವೆ ಮಾಡುತ್ತಿದ್ದಾರೆ. ಅವರ ಫೋನ್ ಬಂದ ದಿನ ಅವರ ತಾಯಿ ಚರ್ಚಿಗೆ ಬರುವಾಗ ಕಣ್ಣು ಕೆಂಪಗಿರುತ್ತಿತ್ತು. ಗ್ಯಾಸ್ ಇಲ್ಲ, ಕಾನ್ವೆಂಟಿನಲ್ಲಿ ಸೌದೆ ಹಚ್ಚಿ ಅಡಿಗೆ ಮಾಡುತ್ತಾರಂತೆ. ಮಕ್ಕಳಿಗೆ ಹಾಲಿನ ಪುಡಿ ಸಿಗುತ್ತಿಲ್ಲವಂತೆ. ಔಷಧಿ ಇಲ್ಲವಂತೆ. ಆ ತಾಯಿ ಇಷ್ಟು ಹೇಳಿ, ಸೆರಗಿನಿಂದ ಮುಖ ಒರೆಸಿಕೊಂಡು, ಮಾತೆಯ ಪ್ರತಿಮೆ ಮುಂದೆ ಮೊಣಕಾಲೂರುತ್ತಿದ್ದರು.

ಆ ವರ್ಷ ಏಪ್ರಿಲ್ 12ರಂದು ಶ್ರೀಲಂಕಾ ಸರ್ಕಾರ ಹೊರದೇಶದ ಸಾಲ ಸದ್ಯಕ್ಕೆ ಕಟ್ಟಲು ಆಗುವುದಿಲ್ಲ ಅಂತ ಕೈಚೆಲ್ಲಿತ್ತು. 1948ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಆ ದೇಶಕ್ಕೆ ಅಂಥ ಗತಿ ಬಂದಿದ್ದು ಅದೇ ಮೊದಲು. ಡಾಲರ್ ಖಾಲಿಯಾದ ಮೇಲೆ ಹೊರಗಿನಿಂದ ಬರಬೇಕಾದ್ದೆಲ್ಲ ನಿಂತಿತು. ಪೇಪರ್ ಇಲ್ಲ ಅಂತ ಶಾಲೆ ಪರೀಕ್ಷೆಗಳು ಮುಂದೆ ಹೋದವು. ಪೆಟ್ರೋಲ್, ಸೀಮೆಎಣ್ಣೆಗೆ ಬಿಸಿಲಿನಲ್ಲಿ ಗಂಟೆಗಟ್ಟಲೆ ಕ್ಯೂ ನಿಂತ ಕೆಲವರು ಅಲ್ಲೇ ಕುಸಿದು ಪ್ರಾಣ ಬಿಟ್ಟರು. ಜುಲೈ 9ರಂದು ಜನ ಅಧ್ಯಕ್ಷರ ಮನೆಗೇ ನುಗ್ಗಿದರು. ಅಧ್ಯಕ್ಷ ಗೋಟಬಯ ರಾಜಪಕ್ಸ ದೇಶ ಬಿಟ್ಟು ಹೋಗಿ, ಹೊರಗಿನಿಂದಲೇ ರಾಜೀನಾಮೆ ಕಳಿಸಿದರು. ನಮ್ಮ ನೊವೆನಾ ನಡೆಯುವ ಹೊತ್ತಿಗೆ ಅಲ್ಲಿ ಸಾಮಾನಿನ ಬೆಲೆ ಹಿಂದಿನ ವರ್ಷಕ್ಕಿಂತ ಶೇ. 70ರ ಹತ್ತಿರ ಏರಿತ್ತು.

ಬೇಸಾಯ ಮಾಡುವ ನಮ್ಮಂಥವರಿಗೆ ಅದರಲ್ಲಿ ಒಂದು ವಿಷಯ ತಟ್ಟನೆ ಅರ್ಥವಾಯಿತು. 2021ರಲ್ಲಿ ಅಲ್ಲಿನ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಲ್ಲಿಸಿಬಿಟ್ಟಿತ್ತು. ರೈತರಿಗೆ ತಯಾರಾಗಲು ಸಮಯವನ್ನೇ ಕೊಡಲಿಲ್ಲ. ಕೆಲವು ತಿಂಗಳಲ್ಲಿ ಆ ಆದೇಶ ವಾಪಸ್ ಪಡೆದರು, ನಿಜ. ಆದರೆ ಗದ್ದೆ ಕಾಯುತ್ತದಾ? ತನಗೆ ಬೇಕಾದ ಅಕ್ಕಿಯನ್ನು ತಾನೇ ಬೆಳೆದುಕೊಳ್ಳುತ್ತಿದ್ದ ದೇಶ ಅಕ್ಕಿಗೆ ಕೈಚಾಚಬೇಕಾಯಿತು. ಅದಕ್ಕೂ ಮೊದಲೇ 2019ರ ಪಾಸ್ಖ (ಈಸ್ಟರ್) ಭಾನುವಾರದ ಬಾಂಬ್ ದಾಳಿ, ಆಮೇಲೆ ಕೊರೊನಾ ಬಂದು ಪ್ರವಾಸಿಗರ ದುಡ್ಡೂ ನಿಂತಿತ್ತು. ಕೊಲಂಬೊದ ಕೊಚ್ಚಿಕಡೆ ಸಂತ ಅಂತೋಣಿಯವರ ಪುಣ್ಯಕ್ಷೇತ್ರದಲ್ಲಿ, ನೆಗೊಂಬೊ ಚರ್ಚಿನಲ್ಲಿ ಬಲಿಪೂಜೆಗೆ ಬಂದವರೇ ಸತ್ತರಲ್ಲ, ಅದನ್ನು ಟಿವಿಯಲ್ಲಿ ನೋಡಿದ ದಿನ ನಮ್ಮ ಮನೆಯಲ್ಲಿ ಹಬ್ಬದ ಊಟ ಯಾರಿಗೂ ಗಂಟಲಲ್ಲಿ ಇಳಿಯಲಿಲ್ಲ.

ಫಾದರ್ ಶ್ರೀಲಂಕಾದ ಹೆಸರು ಹೇಳಿದಾಗ ಎಲ್ಲರೂ ಒಪ್ಪಿದರು ಅಂತಲ್ಲ. ಮೆಣಸು ಬೆಳೆಯುವ ಹಿರಿಯರೊಬ್ಬರು ಅಂಗಳದಲ್ಲೇ ನಿಂತು ಕೇಳಿದರು: “ಫಾದರ್, ಅವರಿಗೆ ನಾವು ಪ್ರಾರ್ಥನೆ ಮಾಡೋದಾ? ನಮ್ಮ ಮೆಣಸಿನ ರೇಟು ಬೀಳಿಸಿದ್ದು ಯಾರು?” ಅವರ ಸಿಟ್ಟು ಸುಳ್ಳಲ್ಲ. ಶ್ರೀಲಂಕಾದ ಮೆಣಸು, ಶ್ರೀಲಂಕಾದ ಹೆಸರು ಹೇಳಿಕೊಂಡು ಬರುವ ವಿಯೆಟ್ನಾಂ ಮೆಣಸು, ಇವುಗಳ ಮಾತು ಬಂದರೆ ನಮ್ಮ ಜಿಲ್ಲೆಯಲ್ಲಿ, ಪಕ್ಕದ ಸಕಲೇಶಪುರದಲ್ಲಿ ಯಾರೂ ಸುಮ್ಮನಿರುವುದಿಲ್ಲ. ಕೆಜಿಗೆ 500 ರೂಪಾಯಿಗಿಂತ ಕಡಿಮೆಗೆ ಆಮದು ಮಾಡುವಂತಿಲ್ಲ ಅಂತ ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲಿ ಹೇಳಬೇಕಾಗಿ ಬಂತು ಅಂದರೆ ಬೆಳೆಗಾರರ ಸಂಕಟ ಎಷ್ಟಿತ್ತು ಅಂತ ನೀವೇ ಲೆಕ್ಕ ಹಾಕಿ. ಫಾದರ್ ಅವರನ್ನು ಗದರಲಿಲ್ಲ. “ನಿಮ್ಮ ಬೇಜಾರನ್ನೂ ತನ್ನಿ. ಅದನ್ನೂ ಪೀಠದ ಮೇಲೆ ಇಡೋಣ” ಅಂದರು. ಅವರು ಬಂದರು. ಕೊನೆಯ ಬೆಂಚಿನಲ್ಲಿ ಕೂತರು.

ನನಗೆ ಆ ಸಂಜೆ ನನ್ನ ಅಜ್ಜಿ ನೆನಪಾದಳು. ನೆನಪಾದಳು ಅನ್ನುವುದಕ್ಕಿಂತ, ಪಕ್ಕದಲ್ಲೇ ಬಂದು ಕೂತಳು ಅನ್ನಬೇಕು.

ಅಜ್ಜಿ ಮದುವೆಯಾಗಿ ಘಟ್ಟ ಹತ್ತಿ ಬಂದವಳು, ಬಂಟ್ವಾಳದ ಕಡೆಯವಳು. ಅವಳ ಹತ್ತಿರ ಒಂದು ಹಳೇ ಚೀಲದ ಬಟ್ಟೆ ಇತ್ತು. ಒಗೆದು ಒಗೆದು ಮೆತ್ತಗಾಗಿತ್ತು. ಅಂಚನ್ನು ಅವಳೇ ಕೈಯಲ್ಲಿ ಹೊಲಿದಿದ್ದಳು. ಅದರ ಮೇಲೆ ಒಂದು ಚಿತ್ರ, ಎರಡು ಕೈ ಒಂದನ್ನೊಂದು ಹಿಡಿದುಕೊಂಡಿರುವುದು. ಬಣ್ಣ ಮಾಸಿ, ಬೆರಳು ಯಾವುದು, ಮಣಿಕಟ್ಟು ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ತೆನೆ ಹಬ್ಬದ ದಿನ ಮಾತ್ರ ಆ ಬಟ್ಟೆ ಪೆಟ್ಟಿಗೆಯಿಂದ ಹೊರಗೆ ಬರುತ್ತಿತ್ತು. ಅದನ್ನು ದೇವರ ಪೀಠದ ಮುಂದೆ ಹಾಸಿ, ಚರ್ಚಿನಿಂದ ತಂದ ತೆನೆಯನ್ನು ಅದರ ಮೇಲೆ ಇಟ್ಟು, ಹೆಬ್ಬೆರಳ ಉಗುರಿನಿಂದ ಒಂದೊಂದೇ ಕಾಳು ಸುಲಿಯುತ್ತಿದ್ದಳು. ಹಸಿ ಕಾಳು. ಒತ್ತಿದರೆ ಹಾಲು ಬರುವಂಥದ್ದು. ಆ ಹಸಿ ಭತ್ತದ ವಾಸನೆ ಇದೆಯಲ್ಲ, ಮಳೆ ನಿಂತ ಗದ್ದೆಯ ವಾಸನೆ, ಅದಕ್ಕೆ ಮೇಣದಬತ್ತಿಯ ಹೊಗೆ ಸೇರಿ ಇಡೀ ಮನೆ ತುಂಬುತ್ತಿತ್ತು. ಮನೆಯಲ್ಲಿ ಎಷ್ಟು ಜನವೋ ಅಷ್ಟು ಕಾಳು ಹಾಲಿಗೆ ಹಾಕಿ, ಇನ್ನೂ ಒಂದು ಕಾಳು ಜಾಸ್ತಿ ಹಾಕುತ್ತಿದ್ದಳು. ಅದು ಯಾರಿಗೆ ಅಂತ ಕೇಳಿದರೆ “ಈ ಕೈಯವರಿಗೆ” ಅಂತ ಬಟ್ಟೆ ತೋರಿಸುತ್ತಿದ್ದಳು.

ಆ ಚೀಲ ಬಂದಿದ್ದು 1966ರ ಸುಮಾರಿಗೆ. ಮಳೆ ಕೈಕೊಟ್ಟು ದೇಶಕ್ಕೇ ಅನ್ನದ ಚಿಂತೆ ಹತ್ತಿದ ಕಾಲ. ಅಮೆರಿಕದಿಂದ ಹಡಗಿನಲ್ಲಿ ಗೋಧಿ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ನೆರವಿನ ಚೀಲದ ಮೇಲಿನ ಗುರುತೇ ಆ ಎರಡು ಕೈ. ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿ ಅಂತ ಜನರನ್ನು ಕೇಳಿಕೊಂಡಿದ್ದರು. ಸೋಮವಾರ ರಾತ್ರಿ ಹೋಟೆಲುಗಳೂ ಬಾಗಿಲು ಹಾಕುತ್ತಿದ್ದವು. ಅಜ್ಜಿ ಅದನ್ನು ಶಾಸ್ತ್ರಿಯವರು ತೀರಿಕೊಂಡ ಮೇಲೂ ಬಿಡಲಿಲ್ಲ. “ಶುಕ್ರವಾರ ಯೇಸುಸ್ವಾಮಿಗೆ, ಸೋಮವಾರ ಶಾಸ್ತ್ರಿಗಳಿಗೆ” ಅನ್ನುತ್ತಿದ್ದಳು. ಚರ್ಚಿನ ಅಂಗಳದಲ್ಲಿ ಹಾಲಿನ ಪುಡಿ, ಗೋಧಿ ಹಂಚುತ್ತಿದ್ದರಂತೆ. ಕ್ರೈಸ್ತರು, ಹಿಂದೂಗಳು, ಸಾಬರು ಅಂತ ನೋಡದೆ ತೋಟದ ಕೂಲಿ ಲೈನಿನ ಮಕ್ಕಳೆಲ್ಲ ಪಾತ್ರೆ ಹಿಡಿದು ನಿಲ್ಲುತ್ತಿದ್ದರು. ನನ್ನ ಅಪ್ಪನೂ ಅದೇ ಹಾಲು ಕುಡಿದು ಬೆಳೆದವರು.

ಹಾಗಾಗಿ ನಮ್ಮ ಮನೆಯ ಜಪಸರ ಬೇಗ ಮುಗಿಯುತ್ತಿರಲಿಲ್ಲ. ಪರಲೋಕ ಪ್ರಾರ್ಥನೆಯಲ್ಲಿ ‘ಅನುದಿನದ ಆಹಾರ’ ಅನ್ನುವಲ್ಲಿಗೆ ಬಂದರೆ ಅಜ್ಜಿ ನಿಲ್ಲಿಸಿಬಿಡುತ್ತಿದ್ದಳು. ನಾವು ಮಕ್ಕಳು ಓಡಿಸಿಕೊಂಡು ಹೋದರೆ ಕಿವಿ ಹಿಂಡುತ್ತಿದ್ದಳು. ಆವತ್ತು ರೇಡಿಯೋದಲ್ಲಿ ಯಾವ ದೇಶದ ಬರ, ಯಾವ ದೇಶದ ಯುದ್ಧ ಕೇಳಿದ್ದಳೋ ಆ ಹೆಸರನ್ನು ಅಲ್ಲೇ ಹೇಳುತ್ತಿದ್ದಳು. ಬಾಂಗ್ಲಾ ಯುದ್ಧದ ವರ್ಷ ನಿರಾಶ್ರಿತರಿಗೆ, ಆಮೇಲೆ ಇಥಿಯೋಪಿಯಾಕ್ಕೆ. ಅವಳಿಗೆ ಓದು ಬರುತ್ತಿರಲಿಲ್ಲ. ಇಥಿಯೋಪಿಯಾ ಎಲ್ಲಿದೆ ಅಂತ ಗೊತ್ತಿರಲಿಲ್ಲ. ಅಲ್ಲಿ ಅಮ್ಮಂದಿರ ಎದೆಯಲ್ಲಿ ಹಾಲಿಲ್ಲ ಅನ್ನುವುದು ಮಾತ್ರ ಗೊತ್ತಿತ್ತು.

ಈಗ ನಾವು ಹೇಗೆ ಪ್ರಾರ್ಥನೆ ಮಾಡುತ್ತೇವೆ ಹೇಳಿ. ಭಾನುವಾರ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಒಬ್ಬರು ಚೀಟಿ ಹಿಡಿದು ಬರುತ್ತಾರೆ. ‘ದೇಶದ ನಾಯಕರಿಗೆ ಒಳ್ಳೆಯ ಜ್ಞಾನ ಕೊಡು’ ಅಂತ ಒಂದು ಸಾಲು. ನಾವು ಉತ್ತರ ಹೇಳಿ ಮುಗಿಸುತ್ತೇವೆ. ಯಾವ ದೇಶ, ಯಾವ ನಾಯಕ, ಯಾರ ಮನೆಯಲ್ಲಿ ಒಲೆ ಹತ್ತಿಲ್ಲ, ಒಂದೂ ಇಲ್ಲ. ಮನೆಯಲ್ಲಂತೂ ಜಪಸರದ ಹೊತ್ತಿಗೆ ಎಲ್ಲರ ಕೈಯಲ್ಲೂ ಮೊಬೈಲು. ಲೋಕದ ಸುದ್ದಿಯೆಲ್ಲ ನಮ್ಮ ಕೈಯಲ್ಲೇ ಇದೆ, ಆದರೆ ಅದರಲ್ಲಿ ಒಂದನ್ನೂ ದೇವರ ಮುಂದೆ ತೆಗೆದುಕೊಂಡು ಹೋಗುವುದಿಲ್ಲ. ಇದು ನನಗೆ ತುಂಬಾ ನೋವು ಕೊಡುತ್ತದೆ.

ಆ ಸಂಜೆ ಫಾದರ್ ಓದಿಸಿದ್ದು ಬೈಬಲಿನ ನೆಹೆಮೀಯನ ಗ್ರಂಥದ ಐದನೇ ಅಧ್ಯಾಯ. ಬಿಡುವಾದಾಗ ನೀವೂ ತೆಗೆದು ಓದಿ. ಜನ ಬಂದು ಗೋಳಾಡುತ್ತಾರೆ. ಹೊಟ್ಟೆಗೆ ಧಾನ್ಯ ಬೇಕು ಅಂತ ಹೊಲ, ದ್ರಾಕ್ಷಿತೋಟ, ಮನೆ ಎಲ್ಲ ಅಡ ಇಟ್ಟಿದ್ದೇವೆ, ರಾಜನ ತೆರಿಗೆ ಕಟ್ಟಲು ಸಾಲ ಮಾಡಿದ್ದೇವೆ, ನಮ್ಮ ಮಕ್ಕಳೇ ಜೀತಕ್ಕೆ ಹೋಗುವ ಹಾಗಾಗಿದೆ ಅಂತ. ನೆಹೆಮೀಯ ದೊಡ್ಡವರನ್ನೆಲ್ಲ ಕರೆದು ಮುಖಕ್ಕೆ ಹೊಡೆದ ಹಾಗೆ ಕೇಳುತ್ತಾನೆ. ಹೊಲ ವಾಪಸ್ ಕೊಡಿ, ಬಡ್ಡಿ ಬಿಡಿ ಅನ್ನುತ್ತಾನೆ. ತಾನು ರಾಜ್ಯಪಾಲನಾಗಿದ್ದರೂ ಆ ಹುದ್ದೆಗೆ ಬರಬೇಕಾದ ಊಟದ ಭತ್ಯೆಯನ್ನು ತೆಗೆದುಕೊಳ್ಳುವುದಿಲ್ಲ. ಇದೇ ನೆಹೆಮೀಯ ಜೆರುಸಲೇಮಿನ ಗೋಡೆ ಬಿದ್ದ ಸುದ್ದಿ ಕೇಳಿ ಉಪವಾಸ ಕೂತು ಅತ್ತವನು. ಆಗ ಅವನು ಮಾಡಿದ ಪ್ರಾರ್ಥನೆಯಲ್ಲಿ ‘ಅವರು ಪಾಪ ಮಾಡಿದರು’ ಅಂತಿಲ್ಲ. ನಾನೂ ನನ್ನ ಮನೆತನದವರೂ ಪಾಪ ಮಾಡಿದ್ದೇವೆ ಅಂತಿದೆ. ಅಳುವುದು, ಉಪವಾಸ, ಲೆಕ್ಕ ಕೇಳುವುದು, ತನ್ನ ಪಾಲು ಬಿಡುವುದು ಎಲ್ಲ ಅವನೊಬ್ಬನಲ್ಲೇ ಇತ್ತು. ಅಧಿಕಾರದಲ್ಲಿ ಇರುವವರಿಗಾಗಿ ಪ್ರಾರ್ಥನೆ ಮಾಡಿ ಅಂತ ಸಂತ ಪೌಲರು ತಿಮೊಥೇಯನಿಗೆ ಬರೆದಿದ್ದಾರೆ, ಸರಿ. ಆದರೆ ಪ್ರಾರ್ಥನೆ ಮಾಡಿದೆವು ಅಂತ ಅವರ ಅನ್ಯಾಯಕ್ಕೆ ಬಾಯಿ ಮುಚ್ಚಿಕೊಂಡಿರಬೇಕು ಅಂತ ಪೌಲರು ಎಲ್ಲೂ ಬರೆದಿಲ್ಲ. ಆ ವರ್ಷ ಕೊಲಂಬೊದ ಗಾಲ್ ಫೇಸ್ ಮೈದಾನದಲ್ಲಿ ಜನ ಪ್ರತಿಭಟನೆಗೆ ತಿಂಗಳುಗಟ್ಟಲೆ ಕೂತಾಗ ಪಾದ್ರಿಗಳು, ಸಿಸ್ಟರುಗಳು ಬೌದ್ಧ ಭಿಕ್ಷುಗಳ ಜೊತೆ ಅಲ್ಲಿ ಹೋಗಿ ನಿಂತಿದ್ದರು.

ಗಾಲ್ ಫೇಸ್ ಅಂದ ಕೂಡಲೇ ನಮ್ಮವರಿಗೆ ಇನ್ನೊಬ್ಬರು ನೆನಪಾಗಬೇಕು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಅದೇ ಮೈದಾನದಲ್ಲಿ ಜೋಸೆಫ್ ವಾಜ್ ಅವರನ್ನು ಸಂತರು ಅಂತ ಘೋಷಿಸಿದರು. ಗೋವಾದಲ್ಲಿ 1651ರಲ್ಲಿ ಹುಟ್ಟಿದವರು. 1681ರಿಂದ ಕೆಲವು ವರ್ಷ ನಮ್ಮ ಘಟ್ಟದ ಕೆಳಗೆ, ಕೆನರಾದಲ್ಲಿ ಊರೂರು ಸುತ್ತಿದರು. ಆಮೇಲೆ 1687ರಲ್ಲಿ ಕೂಲಿಯವನ ವೇಷದಲ್ಲಿ ಶ್ರೀಲಂಕಾಕ್ಕೆ ಹೋದರು. ಅಲ್ಲಿ ಡಚ್ಚರು ಕಥೋಲಿಕ ಗುರುಗಳು ಕಾಲಿಡದ ಹಾಗೆ ಮಾಡಿದ್ದರು. ಕ್ಯಾಂಡಿಯಲ್ಲಿ ಇವರನ್ನು ಗೂಢಚಾರ ಅಂತ ಹಿಡಿದು ಸೆರೆಯಲ್ಲಿಟ್ಟರು. ಅದೇ ಕ್ಯಾಂಡಿಗೆ 1696ರಲ್ಲಿ ಬರ ಬಂತು. ರಾಜ ಬೌದ್ಧ, ಪ್ರಜೆಗಳು ಬೌದ್ಧರು. ಸಂತರು ಬಯಲಿನಲ್ಲಿ ಶಿಲುಬೆ ನೆಟ್ಟು ಮೊಣಕಾಲೂರಿ ಮಳೆ ಬೇಡಿದರು. ಸುತ್ತಲೂ ಮಳೆ ಸುರಿಯಿತು, ಅವರೂ ಪೀಠವೂ ನೆನೆಯಲಿಲ್ಲ ಅಂತ ಹಿರಿಯರು ಹೇಳುವುದನ್ನು ನೀವೂ ಕೇಳಿರುತ್ತೀರಿ. ನನಗೆ ಮಳೆಯಷ್ಟೇ ದೊಡ್ಡದಾಗಿ ಕಾಣುವುದು ಮರುವರ್ಷ ನಡೆದಿದ್ದು. ಸಿಡುಬು ಬಂದು ಊರು ಖಾಲಿಯಾದಾಗ ಅವರು ಓಡಿಹೋಗಲಿಲ್ಲ. ರೋಗಿಗಳ ಮೈ ತೊಳೆದರು, ಸತ್ತವರನ್ನು ಮಣ್ಣು ಮಾಡಿದರು. ತನ್ನನ್ನು ಸೆರೆಗೆ ಹಾಕಿದ ಊರಿಗೆ!

ನೊವೆನಾ ಆದ ಮರುವರ್ಷ ಸಿಸ್ಟರ್ ರಜೆಯಲ್ಲಿ ಊರಿಗೆ ಬಂದರು. ಆ ಹೊತ್ತಿಗೆ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಸುಮಾರು 300 ಕೋಟಿ ಡಾಲರ್ ಸಾಲಕ್ಕೆ ಒಪ್ಪಿತ್ತು, ಕ್ಯೂಗಳು ಕರಗಿದ್ದವು, ಆದರೆ ಬೆಲೆ ಇಳಿದಿರಲಿಲ್ಲ. ಭಾರತದಿಂದ ಬಂದ ಅಕ್ಕಿ, ತಮಿಳುನಾಡಿನಿಂದ ಬಂದ ಹಾಲಿನ ಪುಡಿಯ ವಿಷಯ ಹೇಳಿದರು. ಆಮೇಲೆ ಒಂದು ಮಾತು ಹೇಳಿದರು. 2019ರ ಆಗಸ್ಟ್‌ನಲ್ಲಿ ನಮ್ಮ ಮೂಡಿಗೆರೆ ಕಡೆ ಗುಡ್ಡ ಕುಸಿದು ಮನೆ, ತೋಟ ಕೊಚ್ಚಿಹೋದಾಗ ಅವರು ಅಲ್ಲಿನ ಹೆಂಗಸರಿಗೆ ಫೋಟೋ ತೋರಿಸಿದ್ದರಂತೆ. ಬಾಂಬಿಗೆ ತಮ್ಮವರನ್ನು ಕಳೆದುಕೊಂಡು ಇನ್ನೂ ನಾಲ್ಕು ತಿಂಗಳೂ ಆಗಿರಲಿಲ್ಲ ಅವರಿಗೆ. ಅವತ್ತು ರಾತ್ರಿ ಅವರೆಲ್ಲ ಸೇರಿ ನಮ್ಮ ಊರಿಗಾಗಿ ಜಪಸರ ಮಾಡಿದರಂತೆ. ಮೂಡಿಗೆರೆ ಅಂತ ಹೇಳಲು ಬಾರದೆ, ಸಿಸ್ಟರ್ ಹತ್ತಿರ ಎರಡೆರಡು ಸಲ ಕೇಳಿ ಕಲಿತು ಹೇಳಿದರಂತೆ.

ಮೆಣಸಿನ ಹಿರಿಯರು ಅಲ್ಲೇ ಇದ್ದರು. ಏನೂ ಹೇಳಲಿಲ್ಲ. ಎದ್ದು ಹೋಗಿ ಸಿಸ್ಟರ್‌ಗೆ ಕಾಫಿ ತಂದುಕೊಟ್ಟರು.

ಈಗ ನಮ್ಮ ಚರ್ಚಿನಲ್ಲಿ ಪ್ರಾರ್ಥನೆ ಚೀಟಿಯನ್ನು ಯುವಕರೇ ಬರೆಯುತ್ತಾರೆ. ದೇಶದ ಹೆಸರು, ಅಲ್ಲಿ ಯಾವುದಕ್ಕೆ ಕಷ್ಟ ಅನ್ನುವುದು, ಎರಡೂ ಇರಬೇಕು ಅಂತ ಫಾದರ್ ಹೇಳಿದ್ದಾರೆ. ಸೈನ್ಯವೇ ಅಧಿಕಾರ ಕಿತ್ತುಕೊಂಡ ಮ್ಯಾನ್ಮಾರ್‌ಗಾಗಿ ಒಬ್ಬ ಹುಡುಗ ಬರೆದದ್ದು ಹೀಗಿತ್ತು: ‘ಪ್ರಭುವೇ, ಮನೆ ಬಿಟ್ಟು ಕಾಡಿನಲ್ಲಿ ಮಲಗಿರುವವರಿಗೆ ಇಂದು ರಾತ್ರಿ ಊಟ ಸಿಗಲಿ. ಬಂದೂಕು ಹಿಡಿದವರಿಗೆ ಅವರ ತಾಯಿಯ ಮುಖ ನೆನಪಾಗಲಿ.’ ಅಜ್ಜಿ ಇದ್ದಿದ್ದರೆ ಆ ಹುಡುಗನ ತಲೆ ಸವರುತ್ತಿದ್ದಳು.

ಜನವರಿ 16 ಸಂತ ಜೋಸೆಫ್ ವಾಜ್ ಅವರ ಹಬ್ಬ. ಮಂಗಳೂರಿನ ಹತ್ತಿರ ಮುಡಿಪುವಿನಲ್ಲಿ ಅವರ ಪುಣ್ಯಕ್ಷೇತ್ರ ಇದೆ. ಈ ಸಲ ಅಲ್ಲಿಗೆ ಹೋಗುವ ಹರಕೆ ಹೊತ್ತಿದ್ದೇವೆ. ಬೆಳಗಿನ ಜಾವ ಹೊರಟು ಚಾರ್ಮಾಡಿ ಇಳಿದರೆ ಬಲಿಪೂಜೆಗೆ ಮುಟ್ಟಬಹುದು. ಮೆಣಸಿನ ಹಿರಿಯರು ತಮ್ಮ ಜೀಪ್ ಕೊಡುತ್ತೇನೆ ಅಂದಿದ್ದಾರೆ. ಇನ್ನೂ ಇಬ್ಬರಿಗೆ ಜಾಗ ಇದೆ, ಬರುವವರು ಭಾನುವಾರದೊಳಗೆ ತಿಳಿಸಿ.